‘ಗುಡ್’ ಅಂದ್ರೆ ಗುಡ್ ಅಲ್ಲ: ಹಳೇ ರಾಕ್ ಅಂಡ್ ರೋಲ್ ಪ್ಲೇಟುಗಳ ದರ್ಜೆ ಲೆಕ್ಕ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

ಇವತ್ತಿನ ಮಾತು ಪ್ಲೇಟುಗಳ ಬಗ್ಗೆ. ಊಟದ ಪ್ಲೇಟಲ್ಲ. ನಮ್ಮ ಅಜ್ಜ-ಅಜ್ಜಿ ಕಾಲದವರು ‘ಗ್ರಾಮಫೋನ್ ಪ್ಲೇಟು’ ಅಂತಿದ್ರಲ್ಲ, ಅದು. ಅದರಲ್ಲೂ ಅಮೆರಿಕದಲ್ಲಿ 1950ರ ದಶಕದಲ್ಲಿ ಹುಟ್ಟಿದ ರಾಕ್ ಅಂಡ್ ರೋಲ್ ಪ್ಲೇಟುಗಳು. ಹೋದ ತಿಂಗಳು ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕಳಿಸಿದ್ರು: ‘ಮನೇಲಿ ಹಳೇ ಇಂಗ್ಲಿಷ್ ರೆಕಾರ್ಡ್ಸ್ ಇವೆ, ಎಷ್ಟು ಬರುತ್ತೆ?’ ಒಂದೇ ಸಾಲಿನ ಉತ್ತರ ಬೇಕಾದ್ರೆ ಇಲ್ಲಿದೆ: ಬಹಳ ಕಡಿಮೆ ಬರುತ್ತೆ, ಅಥವಾ ನೀವು ಅಂದುಕೊಂಡಿರದಷ್ಟು ಬರುತ್ತೆ. ಯಾವುದು ಅನ್ನೋದನ್ನ ತೀರ್ಮಾನ ಮಾಡೋದು ಹಾಡೂ ಅಲ್ಲ, ಗಾಯಕನೂ ಅಲ್ಲ. ಪ್ಲೇಟಿನ ಮೈಮೇಲಿನ ಗೀರುಗಳು, ಮಧ್ಯದ ಲೇಬಲ್ಲು, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದಿರೋ ನಾಲ್ಕು ಅಂಕಿ.

ಮೊದಲು ಒಂದು ಭ್ರಮೆ ತೆಗೆದುಬಿಡೋಣ. ಹಳೇದು ಅಂದ ತಕ್ಷಣ ಬೆಲೆ ಬರಲ್ಲ. ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ತಗೊಳ್ಳಿ. 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಯ್ತು, ಡೆಕ್ಕಾ ಕಂಪನಿ ಹೊರತಂತು. ಮೊದಲು ಅಷ್ಟೇನೂ ಓಡಲಿಲ್ಲ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾದಲ್ಲಿ ಬಂದಮೇಲೆ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಲಕ್ಷ ಲಕ್ಷ ಪ್ರತಿ ಮಾರಾಟ ಆಯ್ತು. ಹಾಗಾಗಿ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗ, ಮಾರುಕಟ್ಟೆಯಲ್ಲಿ ಚಿಲ್ಲರೆ ಬೆಲೆ. ಎಲ್ಲರ ಮನೇಲೂ ಇದ್ದದ್ದಕ್ಕೆ ಯಾರು ದುಡ್ಡು ಕೊಡ್ತಾರೆ?

ಅದೇ ವರ್ಷ ಜುಲೈನಲ್ಲಿ ಮೆಂಫಿಸ್‌ನ ಸನ್ ಅನ್ನೋ ಸಣ್ಣ ಕಂಪನಿ, ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಮೊದಲ ಪ್ಲೇಟನ್ನ ತಂತು. ‘ದಟ್ಸ್ ಆಲ್ ರೈಟ್’, ಸನ್ 209. ಹುಡುಗ ಎಲ್ವಿಸ್ ಪ್ರೆಸ್ಲಿ. ಸನ್‌ನಲ್ಲಿ ಅವನದು ಒಟ್ಟು ಐದೇ ಸಿಂಗಲ್ ಬಂದದ್ದು. 1955ರ ನವೆಂಬರ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಅವನ ಒಪ್ಪಂದವನ್ನ ಆರ್‌ಸಿಎ ವಿಕ್ಟರ್‌ಗೆ 35,000 ಡಾಲರಿಗೆ ಮಾರಿಬಿಟ್ಟ. ಆರ್‌ಸಿಎ ಅದೇ ಐದು ಸಿಂಗಲ್‌ಗಳನ್ನ ತನ್ನ ಲೇಬಲ್ ಅಂಟಿಸಿ ಮತ್ತೆ ಹೊರತಂತು. ಅದೇ ದನಿ, ಅದೇ ಗಿಟಾರು, ಅದೇ ಎರಡು-ಎರಡೂವರೆ ನಿಮಿಷ. ಆದ್ರೆ ಹಳದಿ ಬಣ್ಣದ ಸನ್ ಲೇಬಲ್ ಇರೋದಕ್ಕೂ ಆರ್‌ಸಿಎ ಲೇಬಲ್ ಇರೋದಕ್ಕೂ ಬೆಲೆಯಲ್ಲಿ ಅಜಗಜಾಂತರ. ಬರೀ ಹಾಡು ಕೇಳೋಕೆ ಇಷ್ಟು ದುಡ್ಡು ಕೊಡೋ ಅಗತ್ಯವೇ ಇಲ್ಲ, ಫೋನಲ್ಲೇ ಕೇಳಬಹುದು. ಕೊಡೋದು ವಸ್ತುವಿಗೆ. ವಸ್ತುವಿಗೆ ಕೊಡೋದಾದ್ರೆ, ವಸ್ತು ಹೇಗಿದೆ ಅನ್ನೋದೇ ಎಲ್ಲ.

ಈಗ ದರ್ಜೆ. ಇಂಗ್ಲಿಷಿನಲ್ಲಿ ಗ್ರೇಡಿಂಗ್. ಅಮೆರಿಕದಲ್ಲಿ 1974ರಲ್ಲಿ ಶುರುವಾದ ‘ಗೋಲ್ಡ್‌ಮೈನ್’ ಅನ್ನೋ ಪತ್ರಿಕೆಯ ಅಳತೆಗೋಲನ್ನೇ ಇವತ್ತು ಹೆಚ್ಚಿನವರು ಬಳಸೋದು. ಡಿಸ್ಕಾಗ್ಸ್ ಜಾಲತಾಣ ಪಾಲಿಸೋದೂ ಅದನ್ನೇ. ಮೇಲಿಂದ ಕೆಳಕ್ಕೆ ಹೇಳೋದಾದ್ರೆ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಆಮೇಲೆ ಫೇರ್, ಪೂರ್. ಮಿಂಟ್ ಅಂದ್ರೆ ಯಾರೂ ಒಮ್ಮೆಯೂ ನುಡಿಸಿರದ, ಚಿಕ್ಕ ದೋಷವೂ ಇಲ್ಲದ ಪ್ಲೇಟು. ಅನುಭವಸ್ಥ ವ್ಯಾಪಾರಿಗಳು ಈ ಪದ ಬಳಸೋಕೇ ಹೆದರ್ತಾರೆ. ಹಾಗಾಗಿ ಲೆಕ್ಕ ಶುರುವಾಗೋದು ನಿಯರ್ ಮಿಂಟ್‌ನಿಂದ.

ತಮಾಷೆ ಇರೋದು ಕೆಳಗಿನ ಪದಗಳಲ್ಲಿ. ‘ವೆರಿ ಗುಡ್’ ಅಂತ ಕೇಳಿದ್ರೆ ನಮಗೆ ಏನನ್ನಿಸುತ್ತೆ? ಸ್ಕೂಲಲ್ಲಿ ಮೇಷ್ಟ್ರು ವೆರಿ ಗುಡ್ ಬರೆದ್ರೆ ಮನೆಗೆ ಓಡಿಬಂದು ತೋರಿಸ್ತಿದ್ವಿ. ಪ್ಲೇಟಿನ ಲೋಕದಲ್ಲಿ ವೆರಿ ಗುಡ್ ಅಂದ್ರೆ, ಉಗುರು ಆಡಿಸಿದ್ರೆ ತಗಲೋ ಗೀರುಗಳಿವೆ, ಹಾಡು ಶುರುವಾಗುವಾಗ, ಮುಗಿಯುವಾಗ, ಮೆಲು ದನಿಯ ಜಾಗಗಳಲ್ಲಿ ಚಟಪಟ ಸದ್ದು ಕೇಳುತ್ತೆ, ಆದ್ರೆ ಆ ಸದ್ದು ಸಂಗೀತವನ್ನ ಮುಳುಗಿಸಲ್ಲ ಅಂತ ಅರ್ಥ. ‘ಗುಡ್’ ಅಂದ್ರೆ ಇನ್ನೂ ಕೆಳಗೆ: ಹೇಗೋ ಎಗರದೆ ಕೊನೆತನಕ ಓಡುತ್ತೆ, ಅಷ್ಟೇ. ಒಗ್ಗರಣೆ ಸದ್ದಿನ ಮಧ್ಯೆ ಹಾಡು ಹುಡುಕ್ಕೋಬೇಕು. ನಮ್ಮ ಮದುವೆ ಬ್ರೋಕರುಗಳು ‘ಹುಡುಗ ಗುಣದಲ್ಲಿ ಚಿನ್ನ’ ಅಂತ ಒತ್ತಿ ಹೇಳಿದಾಗ ಮಿಕ್ಕ ವಿಷಯ ಅರ್ಥ ಮಾಡಿಕೊಳ್ತೀವಲ್ಲ, ಹಾಗೇ ಇಲ್ಲಿ ‘ಗುಡ್’ ಅನ್ನೋದನ್ನ ಅರ್ಥ ಮಾಡ್ಕೋಬೇಕು.

ಬೆಲೆ ಲೆಕ್ಕ ಇನ್ನೂ ಕಟುವಾಗಿದೆ. ಗೋಲ್ಡ್‌ಮೈನ್ ಲೆಕ್ಕದ ಪ್ರಕಾರ ವೆರಿ ಗುಡ್ ಪ್ಲಸ್‌ಗೆ ನಿಯರ್ ಮಿಂಟ್ ಬೆಲೆಯ ಅರ್ಧ, ವೆರಿ ಗುಡ್‌ಗೆ ಕಾಲು ಭಾಗ, ಗುಡ್‌ಗೆ ನೂರಕ್ಕೆ ಹತ್ತರಿಂದ ಹದಿನೈದು. ನಿಯರ್ ಮಿಂಟ್‌ನಲ್ಲಿ 10,000 ರೂಪಾಯಿ ಬಾಳೋ ಪ್ಲೇಟು ಒಂದು ಮೆಟ್ಟಿಲು ಇಳಿದ್ರೆ 5,000, ಎರಡು ಮೆಟ್ಟಿಲು ಇಳಿದ್ರೆ 2,500, ಮೂರು ಇಳಿದ್ರೆ ಸಾವಿರ-ಸಾವಿರದೈನೂರು. ಒಂದು ಮೆಟ್ಟಿಲು ಅಂದ್ರೆ ಎಷ್ಟು? ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣದ, ಟೇಬಲ್ ಲ್ಯಾಂಪ್ ಕೆಳಗೆ ಓರೆ ಮಾಡಿದಾಗ ಮಾತ್ರ ಮಿಂಚೋ ನಾಲ್ಕು ಕೂದಲೆಳೆ ಗೀರು. ಅಷ್ಟಕ್ಕೆ ಐದು ಸಾವಿರ ವ್ಯತ್ಯಾಸ.

ಅಂದ್ರೆ ಬೆಲೆ ಕಟ್ಟೋದು ಅಂದ್ರೆ ದರ್ಜೆ ಹೇಳೋದು. ದರ್ಜೆ ಹೇಳೋರು ಯಾರು? ಮಾರೋನು ಹೇಳಿದ್ರೆ ಒಂದು ಮೆಟ್ಟಿಲು ಮೇಲೆ ಹೇಳ್ತಾನೆ, ಕೊಳ್ಳೋನು ಹೇಳಿದ್ರೆ ಒಂದು ಮೆಟ್ಟಿಲು ಕೆಳಗೆ. ನಾನು ಬಿ.ಕಾಂ ಓದೋವಾಗ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಲೇಖನದ ಬಗ್ಗೆ ಮೇಡಂ ಒಬ್ಬರು ಹೇಳಿದ್ರು. ಸೆಕೆಂಡ್ ಹ್ಯಾಂಡ್ ಕಾರಿನ ಮಾರುಕಟ್ಟೆಯಲ್ಲಿ ಮಾರೋನಿಗೆ ಗಾಡಿ ಹೇಗಿದೆ ಅಂತ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎಲ್ಲಾ ಗಾಡಿಗೂ ಕಡಿಮೆಯೇ ಕೇಳ್ತಾನೆ, ಒಳ್ಳೇ ಗಾಡಿ ಇರೋನು ಮಾರುಕಟ್ಟೆಗೇ ಬರಲ್ಲ. ಅಕರ್ಲಾಫ್‌ಗೆ 2001ರಲ್ಲಿ ನೊಬೆಲ್ ಬಂತು. ಪ್ಲೇಟಿನ ವಿಷಯದಲ್ಲಿ ಇದು ಕೆಲವೊಮ್ಮೆ ತಲೆಕೆಳಗಾಗುತ್ತೆ. ಅಪ್ಪನ ಪೆಟ್ಟಿಗೆ ಮಾರೋಕೆ ಕೂತಿರೋ ಮಕ್ಕಳಿಗೆ ಏನೂ ಗೊತ್ತಿರಲ್ಲ, ಕೊಳ್ಳೋಕೆ ಬಂದೋನಿಗೆ ಎಲ್ಲಾ ಗೊತ್ತಿರುತ್ತೆ.

ಇಂಥದ್ದೇ ಒಂದು ಪೆಟ್ಟಿಗೆಯನ್ನ ನಾನು ಹತ್ತಿರದಿಂದ ನೋಡಿದೆ. ಬೆಂಗಳೂರಲ್ಲೇ, ನನ್ನ ಸ್ನೇಹಿತನ ದೊಡ್ಡಮ್ಮನ ಮನೇಲಿ. ಅವರ ಯಜಮಾನ್ರು ಸರಕು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದೋರು. ಬಂದರಿಗೊಂದರಂತೆ ಪ್ಲೇಟು ತಂದಿದ್ರು, ಒಟ್ಟು ನೂರ ಅರವತ್ತು ಚಿಲ್ಲರೆ. ಅವರು ಹೋದಮೇಲೆ ಮನೆ ಖಾಲಿ ಮಾಡಿ ಮಗಳ ಜೊತೆ ಇರೋದು ಅಂತ ತೀರ್ಮಾನ ಆಗಿತ್ತು. ಒಬ್ಬ ವ್ಯಾಪಾರಿ ಬಂದು, ಹತ್ತು ನಿಮಿಷ ನೋಡಿ, ಒಟ್ಟಿಗೆ 35,000 ಕೊಡ್ತೀನಿ ಅಂದಿದ್ರು. ದೊಡ್ಡಮ್ಮ ನನ್ನ ಕೇಳಿದ್ದು ಒಂದೇ: ‘ಅವರು ಹೇಳ್ತಿರೋದು ಸರಿಯಾ ಕಣಪ್ಪಾ? ಹೆಚ್ಚು ಬೇಡ, ಸರಿಯಾದ್ದು ಬಂದ್ರೆ ಸಾಕು.’

ನಾನು ಹೇಳಿದೆ, ‘ದೊಡ್ಡಮ್ಮ, ನಾನು ಒಂದೊಂದನ್ನೂ ನೋಡಿ ಬರೆದುಕೊಡ್ತೀನಿ. ಆದ್ರೆ ಇದ್ರಲ್ಲಿ ಒಂದು ಪ್ಲೇಟೂ ನಾನು ಕೊಂಡ್ಕೊಳ್ಳಲ್ಲ. ನೀವು ಸುಮ್ಮನೆ ಕೊಟ್ರೂ ಬೇಡ.’ ಇದು ನನ್ನ ನಿಯಮ, ಇವತ್ತಿಗೂ. ದರ್ಜೆ ಹೇಳೋನು ಗಿರಾಕಿ ಆಗಬಾರದು. ಆಡಿಟರ್ ಆದೋನು ತಾನು ಆಡಿಟ್ ಮಾಡೋ ಕಂಪನಿಯ ಷೇರು ಇಟ್ಕೊಳ್ಳೋ ಹಾಗಿಲ್ಲವಲ್ಲ.

ಮೂರು ಭಾನುವಾರ ಹಿಡೀತು. ಕಿಟಕಿ ಪರದೆ ಹಾಕಿ, ಒಂದೇ ಒಂದು ಟೇಬಲ್ ಲ್ಯಾಂಪ್. ಪ್ಲೇಟಿನ ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡ್ಕೊಂಡು, ಬೆಳಕಿಗೆ ಓರೆ ಮಾಡಿ ನಿಧಾನಕ್ಕೆ ತಿರುಗಿಸೋದು. ಮೊದಲು ಸುತ್ತು ಗೀರು, ಆಮೇಲೆ ಅಡ್ಡ ಗೀರು. ಅಡ್ಡ ಗೀರಾದ್ರೆ ಪ್ರತಿ ಸುತ್ತಿಗೆ ಒಂದು ‘ಟಕ್’. ಗೆರೆ ಜೊತೆಗೇ ಓಡೋ ಗೀರು ಇನ್ನೂ ಅಪಾಯ, ಮುಳ್ಳು ಅದರಲ್ಲಿ ಸಿಕ್ಕಿಕೊಂಡು ಅಲ್ಲೇ ಸುತ್ತುತ್ತೆ. ಆಮೇಲೆ ಪ್ಲೇಟನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯಾ ನೋಡೋದು. ಕವರಿಗೆ ಬೇರೆ ದರ್ಜೆ: ಒಳಗಿನ ಪ್ಲೇಟಿನ ದುಂಡು ಅಚ್ಚು ಕವರಿನ ಮೇಲೆ ಮೂಡಿದೆಯಾ, ಅಂಚು ಬಿಟ್ಟಿದೆಯಾ, ಯಾರಾದ್ರೂ ಪೆನ್ನಲ್ಲಿ ಹೆಸರು ಬರೆದಿದ್ದಾರಾ. ದೊಡ್ಡಪ್ಪ ಎಲ್ಲದರ ಮೇಲೂ ಬಂದರಿನ ಹೆಸರು, ತಾರೀಖು ಬರೆದಿದ್ರು. ಮಾರುಕಟ್ಟೆಗೆ ಅದು ದೋಷ. ಬರೆದುಕೊಂಡೆ, ಏನ್ ಮಾಡೋದು.

ಕಣ್ಣಿಗೆ ಕಂಡದ್ದಷ್ಟೇ ನಂಬಿದ್ರೂ ಆಗಲ್ಲ. ಅಮೆರಿಕದ ಕೆಲವು ಕಾರ್ಖಾನೆಗಳು 45 ಸುತ್ತಿನ ಸಣ್ಣ ಪ್ಲೇಟುಗಳನ್ನ ವಿನೈಲ್ ಬದಲು ಪಾಲಿಸ್ಟೈರೀನ್‌ನಲ್ಲಿ ಮಾಡ್ತಿದ್ವು. ಗಟ್ಟಿಯಾದ, ಪೆಡಸಾದ ಪ್ಲಾಸ್ಟಿಕ್. ಹೊಳಪು ಚೆನ್ನಾಗಿರುತ್ತೆ, ಆದ್ರೆ ಸವೆದ ಮುಳ್ಳಿನಲ್ಲಿ ನುಡಿಸಿದ್ರೆ ಗೆರೆಯೊಳಗೇ ತಿಂದುಹೋಗಿರುತ್ತೆ. ನೋಡೋಕೆ ನಿಯರ್ ಮಿಂಟ್, ಕೇಳೋಕೆ ಮಳೆ. ಆ ಕಾಲದ ಪ್ಲೇಯರುಗಳ ತೋಳೂ ಈಗಿನದಕ್ಕಿಂತ ಬಹಳ ಭಾರ. ಹಾಗಾಗಿ ಬೆಲೆ ಬಾಳೋದನ್ನೆಲ್ಲ ನುಡಿಸಿಯೇ ನೋಡಬೇಕು. ಎರಡು ದರ್ಜೆ ಮಧ್ಯೆ ಅನುಮಾನ ಬಂದ್ರೆ ಕೆಳಗಿನದನ್ನ ಬರೀಬೇಕು. ಅಕೌಂಟೆನ್ಸಿಯಲ್ಲಿ ಸರಕಿನ ಬೆಲೆಯನ್ನ ಕೊಂಡ ದರ, ಮಾರಿದ್ರೆ ಕೈಗೆ ಬರೋ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಬರೀಬೇಕು ಅಂತ ಕಲಿಸ್ತಾರಲ್ಲ, ಅದೇ ಬುದ್ಧಿ.

ಪೆಟ್ಟಿಗೆಯಲ್ಲಿ ಎಲ್ಲರ ಕಣ್ಣಿದ್ದದ್ದು ಒಂದು ಸನ್ ಲೇಬಲ್ಲಿನ ಎಲ್ವಿಸ್ ಪ್ಲೇಟಿನ ಮೇಲೆ. ಮನೆಯವರಿಗೆ ಇಂಟರ್ನೆಟ್ ನೋಡಿ ಗೊತ್ತಾಗಿತ್ತು, ಅದಕ್ಕೆ ಲಕ್ಷದ ಮಾತಿದೆ ಅಂತ. ನಾನು ಲೇಬಲ್ ಮೇಲೆ ಬೆಳಕು ಬಿಟ್ಟೆ. ಮೆಂಫಿಸ್‌ನಲ್ಲೇ ಒತ್ತಿದ ಸನ್ 45ಗಳ ಲೇಬಲ್ ಮೇಲೆ ಒತ್ತುಯಂತ್ರ ಬಿಟ್ಟ ಮೂರು ದುಂಡನೆ ತಗ್ಗು ಇರುತ್ವೆ. ಲಾಸ್ ಏಂಜಲೀಸ್‌ನಲ್ಲಿ ಒತ್ತಿದ್ದಾದ್ರೆ ಹಾಡು ಮುಗಿದಮೇಲಿನ ಖಾಲಿ ಪಟ್ಟಿಯಲ್ಲಿ ಸಣ್ಣ ತ್ರಿಕೋನ, ಪಕ್ಕದಲ್ಲಿ ಅಂಕಿ. ಇಲ್ಲಿ ಎರಡೂ ಇಲ್ಲ. ಅಕ್ಷರಗಳೂ ಮಸುಕು, ಇನ್ನೊಂದು ಲೇಬಲ್‌ನಿಂದ ಫೋಟೋ ತೆಗೆದು ಅಚ್ಚು ಹಾಕಿದ ಹಾಗೆ. ನಕಲಿ. ಎಲ್ವಿಸ್‌ನ ಸನ್ ಪ್ಲೇಟುಗಳಷ್ಟು ನಕಲಾದದ್ದು ಈ ಲೋಕದಲ್ಲಿ ಕಡಿಮೆ. ಕೆಂಪು, ಹಸಿರು ಬಣ್ಣದ ವಿನೈಲ್‌ನಲ್ಲಿ ಯಾರಾದ್ರೂ ತೋರಿಸಿದ್ರೆ ನೋಡೋದೂ ಬೇಡ. ಎಲ್ವಿಸ್‌ನ ಸನ್ ಸಿಂಗಲ್‌ಗಳು ಆ ಕಾಲದಲ್ಲಿ ಬಂದದ್ದು ಕಪ್ಪು ಪ್ಲೇಟಿನಲ್ಲೇ. ದೊಡ್ಡಪ್ಪನಿಗೆ ಯಾವುದೋ ಬಂದರಿನಲ್ಲಿ ಯಾರೋ ದಾಟಿಸಿದ್ರು. ಸ್ನೇಹಿತ ಮುಖ ಸಣ್ಣ ಮಾಡಿಕೊಂಡ. ದೊಡ್ಡಮ್ಮ ಮಾತ್ರ ನಕ್ಕರು: ‘ಅವರಿಗೆ ಮೋಸ ಮಾಡೋದು ಸುಲಭ ಇತ್ತು ಬಿಡು.’

ಎಲ್ವಿಸ್‌ನ ಮೊದಲ ಎಲ್‌ಪಿ ಇತ್ತು, 1956ರದ್ದು, ಎಲ್‌ಪಿಎಂ-1254. ಇದು ಅಸಲಿ. ಲೇಬಲ್ಲಿನ ಕೆಳಗೆ ‘ಲಾಂಗ್ ಪ್ಲೇ’ ಅಂತಿದೆ, ಹಳೇ ಪ್ರೆಸಿಂಗ್‌ಗಳ ಗುರುತು ಅದು. ನಂತರದವುಗಳಲ್ಲಿ ಆ ಜಾಗಕ್ಕೆ ‘ಮೋನೋ’ ಬಂತು. ಆದ್ರೆ ಪ್ಲೇಟಿನ ಗೆರೆಗಳು ಬೂದು ಬಣ್ಣಕ್ಕೆ ತಿರುಗಿಬಿಟ್ಟಿವೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಇದನ್ನೇ ಹಾಕ್ತಿದ್ರಂತೆ, ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯೋ ತನಕ. ‘ಗುಡ್’ ಅಂತ ಬರೆದೆ. ನೂರಕ್ಕೆ ಹತ್ತು. ಗೋಲ್ಡ್‌ಮೈನ್ ಮಾರ್ಗದರ್ಶಿಯೇ ಹೇಳುತ್ತೆ, 1950-60ರ ದಶಕದ ಉಳಿದ ಪ್ಲೇಟುಗಳಲ್ಲಿ ನಿಜವಾಗಿ ನಿಯರ್ ಮಿಂಟ್ ಇರೋದು ನೂರಕ್ಕೆ ಎರಡರಿಂದ ನಾಲ್ಕು ಮಾತ್ರ ಅಂತ. ಉಳಿದ ತೊಂಬತ್ತಾರನ್ನ ಜನ ಕೇಳಿಬಿಟ್ಟಿದ್ದಾರೆ, ಅಷ್ಟೇ.

ಚಕ್ ಬೆರಿಯ ‘ಮೇಬೆಲೀನ್’ ಸಿಕ್ಕಿತು, ಚೆಸ್ 1604, 1955. ಬೆಲೆಗಿಂತ ಅದರ ಲೇಬಲ್ ಓದಿ. ಹಾಡು ಬರೆದೋರು ಅಂತ ಬೆರಿ ಜೊತೆ ಇನ್ನಿಬ್ಬರ ಹೆಸರು. ಅದರಲ್ಲೊಬ್ಬ ಅಲನ್ ಫ್ರೀಡ್, ಆ ಕಾಲದ ದೊಡ್ಡ ರೇಡಿಯೋ ಡಿಜೆ. ಹಾಡನ್ನ ರೇಡಿಯೋದಲ್ಲಿ ಹಾಕೋಕೆ ಬರಹಗಾರನ ಪಾಲು ಕೊಡೋದು ಅಂದ್ರೆ ಲಂಚದ ಇನ್ನೊಂದು ಹೆಸರು. ಆ ಹೆಸರುಗಳನ್ನ ತೆಗೆಸಿ ಪೂರ್ತಿ ಹಕ್ಕು ಪಡೆಯೋಕೆ ಬೆರಿಗೆ 1986ರ ತನಕ ಬೇಕಾಯ್ತು. ಇದೇ ಬೆರಿಯ ‘ಜಾನಿ ಬಿ. ಗುಡ್’ 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ಲೇಪದ ತಾಮ್ರದ ಪ್ಲೇಟಿನಲ್ಲಿ ಬಾಹ್ಯಾಕಾಶಕ್ಕೆ ಹೋಯ್ತು. ಹೆಸರಿನಲ್ಲೇ ‘ಗುಡ್’ ಇದ್ರೂ ಮಿಂಟ್ ಅನ್ನೋಕೆ ನನ್ನ ಪ್ರಕಾರ ಅರ್ಹತೆ ಇರೋದು ಆ ಪ್ಲೇಟಿಗೆ ಮಾತ್ರ.

ಇನ್ನು 78ಗಳು. ಒಂದು ತಗಡಿನ ಟ್ರಂಕಲ್ಲಿ ಇಪ್ಪತ್ತೆರಡು 78 ಸುತ್ತಿನ ಪ್ಲೇಟು. ಆ ವ್ಯಾಪಾರಿ ಇವನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ. ‘ಭಾರ ಜಾಸ್ತಿ, ಸುಮ್ನೆ ತಗೊಂಡು ಹೋಗ್ತೀನಿ’ ಅಂದಿದ್ರಂತೆ. ಅದರಲ್ಲಿ ಎರಡು ಬೀಟಲ್ಸ್. ನಾನು ಎದ್ದು ನಿಂತೆ!

ಯಾಕೆ ಅಂತ ಹೇಳ್ತೀನಿ. ಅಮೆರಿಕ, ಇಂಗ್ಲೆಂಡಿನ ಪಾಪ್ ಮಾರುಕಟ್ಟೆಯಲ್ಲಿ 1960ರ ಹೊತ್ತಿಗೆ 78ರ ಕಾಲ ಮುಗಿದಿತ್ತು. ಬೀಟಲ್ಸ್‌ನ ಮೊದಲ ಪಾರ್ಲೊಫೋನ್ ಸಿಂಗಲ್ ಬಂದದ್ದು 1962ರಲ್ಲಿ, ಅವರ ಊರಲ್ಲಿ ಅವರ 78 ಹೊರಬರಲೇ ಇಲ್ಲ. ಆದ್ರೆ ನಮ್ಮ ದೇಶದಲ್ಲಿ ಕರೆಂಟಿಲ್ಲದ ಮನೆಗಳು, ಕೀಲಿ ಕೊಡೋ ಗ್ರಾಮಫೋನುಗಳು ಇನ್ನೂ ಇದ್ವು. ಹಾಗಾಗಿ ಕಲ್ಕತ್ತಾ ಪಕ್ಕದ ದಮ್ ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿಯವರು ಬೀಟಲ್ಸ್ ಹಾಡುಗಳನ್ನ 78ರಲ್ಲಿ ಒತ್ತಿದ್ರು. ಜಗತ್ತಿನ ಬೀಟಲ್ಸ್ ಸಂಗ್ರಾಹಕರು ಇವನ್ನ ಹುಡುಕ್ಕೊಂಡು ಬರ್ತಾರೆ.

ಎರಡರಲ್ಲಿ ಒಂದಕ್ಕೆ ಅಂಚಿನಿಂದ ಒಳಕ್ಕೆ ಕೂದಲೆಳೆ ಬಿರುಕು. ಬೆರಳಿಂದ ಮೆಲ್ಲಗೆ ತಟ್ಟಿದ್ರೆ ಸರಿಯಿರೋ 78 ಗಣ್ ಅನ್ನುತ್ತೆ, ಬಿರುಕು ಬಿಟ್ಟದ್ದು ಒಡೆದ ಮಡಕೆ ಹಾಗೆ. ಅದು ಪೂರ್. ಇನ್ನೊಂದು ವೆರಿ ಗುಡ್, ಅನುಮಾನ ಇಲ್ಲ. ಅದೊಂದೇ ಪ್ಲೇಟು, ಫೋಟೋ ಸಮೇತ ಎಲ್ಲ ದೋಷ ಬರೆದು ಹಾಕಿದಮೇಲೆ, ಇಡೀ ಪೆಟ್ಟಿಗೆಗೆ ಬಂದಿದ್ದ ಆ 35,000ದ ಅರ್ಧದ ಹತ್ತಿರ ತಂತು. ಆ ವ್ಯಾಪಾರಿ ಗೊತ್ತಿಲ್ಲದೆ ‘ಸುಮ್ನೆ’ ಅಂದ್ರೋ, ಗೊತ್ತಿದ್ದೇ ಅಂದ್ರೋ ನಾನು ಹೇಳೋಕಾಗಲ್ಲ. ನ್ಯಾಯವಾಗಿ ಹೇಳಬೇಕಂದ್ರೆ, ಉಳಿದ ಪ್ಲೇಟುಗಳ ಮಟ್ಟಿಗೆ ಅವರು ಹೇಳಿದ ರೇಟು ತೀರಾ ಕೆಟ್ಟದ್ದೇನೂ ಆಗಿರಲಿಲ್ಲ. ಹೆಚ್ಚಿನವು ವೆರಿ ಗುಡ್, ಗುಡ್ಡೇ. ಒಂದೊಂದಾಗಿ ಮಾರೋಕೆ ಆರೇಳು ತಿಂಗಳಾಯ್ತು, ಪ್ಯಾಕಿಂಗ್, ಕೊರಿಯರ್ ಖರ್ಚು ಬೇರೆ. ಟೈಮ್ ಇಲ್ಲದೋರು ಒಟ್ಟಿಗೆ ಕೊಡೋದು ತಪ್ಪಲ್ಲ. ಏನು ಕೊಡ್ತಿದ್ದೀವಿ ಅಂತ ಗೊತ್ತಿರಬೇಕು ಅಷ್ಟೇ. ಎಲ್ವಿಸ್ ಎಲ್‌ಪಿ ಮಾತ್ರ ಮಾರಲಿಲ್ಲ, ದೊಡ್ಡಮ್ಮನ ಜೊತೆ ಮಗಳ ಮನೆಗೆ ಹೋಯ್ತು.

ಈಗ ಕೇಳುಗರೊಬ್ಬರ ಪ್ರಶ್ನೆ: ‘ಮಾರೋ ಮುಂಚೆ ಸ್ಪಿರಿಟ್ ಹಾಕಿ ಒರೆಸಬಹುದಾ?’ 78 ಆದ್ರೆ ಖಂಡಿತ ಬೇಡ! ಅವನ್ನ ಮಾಡಿರೋದು ಅರಗಿನಿಂದ. ಕಲ್ಲಿನ ಪುಡಿ, ಮಸಿ ಎಲ್ಲ ಸೇರಿಸಿದ್ರೂ ಅಂಟಿ ಹಿಡಿದಿರೋದು ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸೋ ಅರಗು. ಒಂದು ಕಾಲಕ್ಕೆ ಜಗತ್ತಿನ ಪ್ಲೇಟುಗಳಿಗೆಲ್ಲ ಬಹುಪಾಲು ನಮ್ಮ ದೇಶದಿಂದಲೇ ಹೋಗ್ತಿತ್ತು. ಮರದ ಪಾಲಿಷ್‌ಗೆ ಬಡಗಿಗಳು ಅರಗಿನ ಚಕ್ಕೆಯನ್ನ ಸ್ಪಿರಿಟ್‌ನಲ್ಲೇ ಅಲ್ವಾ ಕರಗಿಸೋದು? ನಿಮ್ಮ ಪ್ಲೇಟೂ ಹಾಗೇ ಕರಗುತ್ತೆ. ಡಿಸ್ಟಿಲ್ಡ್ ವಾಟರ್, ಮೆತ್ತಗಿನ ಬಟ್ಟೆ, ಲೇಬಲ್‌ಗೆ ನೀರು ತಾಗದ ಹಾಗೆ. ಒರೆಸಿದ್ದನ್ನ ಬಿಸಿಲಿಗೆ ಇಡಬೇಡಿ, ವಿನೈಲ್ ಆದ್ರೆ ಹಪ್ಪಳ ಆಗುತ್ತೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಅಗ್ಗದ ಪಿವಿಸಿ ಕವರಿಗೆ ಹಾಕಿದ್ರೆ ಸೆಕೆಗೆ ಅದು ಬೆವರಿ, ವಿನೈಲ್ ಮೇಲೆ ಮಂಜು ಕವಿದ ಹಾಗೆ ಕಲೆ ಬೀಳುತ್ತೆ, ಅದು ಹೋಗೋದಿಲ್ಲ. ಕರಾವಳಿಯೋರು ಮಳೆಗಾಲ ಮುಗಿದ ಕೂಡಲೇ ಒಂದೊಂದನ್ನೂ ಹೊರತೆಗೆದು ಬೂಷ್ಟು ನೋಡಿ.

ಇನ್ನೊಂದು ಪ್ರಶ್ನೆ ಇತ್ತು, ಇಂಗ್ಲೆಂಡಿನೋರು ಹೇಳೋ ‘ಎಕ್ಸಲೆಂಟ್’ ಯಾವ ದರ್ಜೆ ಅಂತ. ಸ್ಥೂಲವಾಗಿ ಅಮೆರಿಕದ ವೆರಿ ಗುಡ್ ಪ್ಲಸ್ ಅಂದುಕೊಳ್ಳಿ, ಆದ್ರೆ ದುಡ್ಡು ಕಳಿಸೋ ಮುಂಚೆ ಯಾವ ಅಳತೆಗೋಲು ಅಂತ ಕೇಳಿಯೇ ಕಳಿಸಿ. ‘ವಿಜಿ ಪ್ಲಸ್ ಪ್ಲಸ್’ ಅಂತ ಬರೆದಿದ್ರೆ ಅಂಥ ದರ್ಜೆ ಗೋಲ್ಡ್‌ಮೈನ್‌ನಲ್ಲಿ ಇಲ್ಲ. ಲ್ಯಾಂಪ್ ಕೆಳಗೆ ಓರೆ ಮಾಡಿ ತೆಗೆದ ಫೋಟೋ ಕೇಳಿ. ಕಳಿಸಲ್ಲ ಅಂದ್ರೆ ಬಿಟ್ಟುಬಿಡಿ.

ಮುಂದಿನ ವಾರ ಮುಳ್ಳಿನ ಬಗ್ಗೆ ಮಾತಾಡೋಣ: 78ಕ್ಕೆ ಯಾಕೆ ಬೇರೆ ಮುಳ್ಳು ಬೇಕು, ಎಲ್‌ಪಿ ಮುಳ್ಳಲ್ಲಿ ನುಡಿಸಿದ್ರೆ ಏನಾಗುತ್ತೆ ಅಂತ. ನಿಮ್ಮ ಮನೆಯ ಟ್ರಂಕಿನ ಫೋಟೋ ಕಳಿಸೋರು ದಯವಿಟ್ಟು ಲೇಬಲ್ ಓದೋ ಹಾಗೆ, ಹತ್ತಿರದಿಂದ ತೆಗೆದು ಕಳಿಸಿ. ಸಿಗೋಣ.